ಅರವತ್ತು ವರ್ಷದ ಪಾಳಿ

ನಾನು ಹುಟ್ಟಿದ ಕೋಣೆಯಲ್ಲಿ ಧೂಳೇ ಇರಲಿಲ್ಲ. ಒಂದು ಕಣ ಒಳಗೆ ಸೇರಿದರೂ ನಾನು ಬದುಕುವುದಿಲ್ಲವೆಂದು ಅಲ್ಲಿಯ ಕೆಲಸಗಾರರು ತಲೆಯಿಂದ ಪಾದದವರೆಗೆ ಬಿಳಿ ಬಟ್ಟೆ ಸುತ್ತಿಕೊಂಡಿದ್ದರು. ಕನ್ನಡಿಯಂಥ ಎರಡು ಬಿಲ್ಲೆಗಳನ್ನು ಒಂದರ ಮೇಲೊಂದು ಕೂರಿಸಿದರು. ಬಿಲ್ಲೆಗೆ ತಾಗದೆ, ತಾಗಿದಷ್ಟೇ ಹತ್ತಿರ ಓಡಾಡುವ ಒಂದು ತೆಳು ಕೈಯನ್ನು ಜೋಡಿಸಿದರು. ಮುಚ್ಚಳ ಹಾಕಿ ತಿರುಪು ಬಿಗಿದು, ಕಪ್ಪು ಪ್ಲಾಸ್ಟಿಕ್ಕಿನ ಅಂಗಿ ತೊಡಿಸಿದರು. ನಾನೊಂದು ಹಾರ್ಡ್ ಡಿಸ್ಕು. ಅಂಗೈ ಅಗಲ, ಒಂದು ಪಂಚಾಂಗದಷ್ಟು ದಪ್ಪ.

ನನಗೆ ಕಣ್ಣಿಲ್ಲ, ಕಿವಿಯಿಲ್ಲ. ಮೇಜಿನ ಮೇಲೆ ಇಟ್ಟರೆ ಮೇಜಿಗೆ ತಾಗಿದ್ದು ನನಗೂ ತಾಗುತ್ತದೆ. ಅದರ ಸುತ್ತ ಕೂತವರ ಮಾತು, ನಗು, ಸುಮ್ಮನಿರುವುದು, ಎಲ್ಲವೂ ಹಾಗೆಯೇ ನನಗೆ ತಿಳಿಯುತ್ತವೆ.

ಹಡಗಿನಲ್ಲಿ, ಆಮೇಲೆ ಲಾರಿಯಲ್ಲಿ ಬಂದು ಗದುಗಿನ ಒಂದು ಫೋಟೋ ಸ್ಟುಡಿಯೋ ಸೇರಿದೆ. ಅಲ್ಲಿ ಧೂಳಿಗೆ ಬರವಿರಲಿಲ್ಲ. ಮಾಲೀಕರು ಇಮಾಮಸಾಬ ನದಾಫ. ಮದುವೆಯ ವಿಡಿಯೋಗಳನ್ನು ನನ್ನೊಳಗೆ ತುಂಬಿಡುತ್ತಿದ್ದರು. ಒಂದೂವರೆ ವರ್ಷದಲ್ಲಿ ನಾನು ಎಷ್ಟೋ ಅಕ್ಷತೆ, ಎಷ್ಟೋ ಊಟದ ಪಂಕ್ತಿ, ಬೀಳ್ಕೊಡುವಾಗಿನ ಎಷ್ಟೋ ಅಳು ಹೊತ್ತೆ. ಒಬ್ಬರದು ಕೊಟ್ಟಾದ ಮೇಲೆ ಅಳಿಸಿ ಇನ್ನೊಬ್ಬರದು ತುಂಬುತ್ತಿದ್ದರು.

ಒಂದು ದಿನ ಹೊಸದಾಗಿ ಮದುವೆಯಾದ ಗಂಡ ಹೆಂಡತಿ ತಮ್ಮ ವಿಡಿಯೋ ಒಯ್ಯಲು ಬಂದರು. ಗಂಡ ಕಲ್ಲಿನಾಥ, ಬೆಟಗೇರಿಯ ಒಂದು ಅಚ್ಚುಕೂಟದಲ್ಲಿ ಕರಡು ತಿದ್ದುವವನು. ಹೆಂಡತಿ ನೀಲಗಂಗಾ, ಪಿಯು ಕಾಲೇಜಿನಲ್ಲಿ ಇತಿಹಾಸ ಕಲಿಸುವವಳು.

"ನಿಮ್ಮದು ಭಾಳ ದೊಡ್ಡದಾಗೈತ್ರಿ ಸರ," ಅಂದರು ಇಮಾಮಸಾಬ. "ಡಿವಿಡಿಗೆ ಹಾಕಿದ್ರೂ ಇಪ್ಪತ್ತು ಆಗ್ತಾವ. ಈ ಡಿಸ್ಕ ಒಯ್ರಿ. ನೋಡಿ ಆರಾಮ ತಂದ ಕೊಡ್ರಿ."

"ತಂದ ಕೊಡಲಿಲ್ಲಂದ್ರ?"

"ಮದುವಿ ಆಯೇರಿ ಮಾಡೀನಿ ಅಂತ ತಿಳಕೋತೀನಿ ಬಿಡ್ರಿ."

ಹಾಗೆ ನಾನು ಆ ಮದುವೆಯ ಉಡುಗೊರೆಯಾದೆ.

ಬೆಟಗೇರಿಯಲ್ಲಿ ಅವರದು ಎರಡು ಕೋಣೆಯ ಮನೆ. ಕಿಟಕಿಯ ಪಕ್ಕ ಮೇಜು, ಮೇಜಿನ ಮೇಲೆ ಕಂಪ್ಯೂಟರು, ಅದರ ಪಕ್ಕ ಮಡಿಸಿದ ಕರವಸ್ತ್ರದ ಮೇಲೆ ನಾನು. ಕಲ್ಲಿನಾಥ ಸಂಜೆ ಆರಕ್ಕೆ ಬಂದು ಚಹಾ ಕುಡಿದು ಕೂರುತ್ತಿದ್ದ. ಊಟಕ್ಕೆ ಕರೆಯುವವರೆಗೆ ಅವನ ಕೆಲಸ ಒಂದೇ: ಬಿಟ್ಟಿಯಾಗಿ ಸಿಗುವ ಹಳೆಯ ಕನ್ನಡ ಪುಸ್ತಕಗಳನ್ನು ಅಂತರಜಾಲದಿಂದ ಇಳಿಸಿಕೊಳ್ಳುವುದು.

ಇಳಿಸಿಕೊಳ್ಳುವುದು ಸುಲಭ. ಬಂದದ್ದನ್ನು ಇಟ್ಟುಕೊಳ್ಳುವುದು ಕಷ್ಟ. ಪುಸ್ತಕಗಳು ಹೆಸರಿಲ್ಲದೆ, ಉದ್ದನೆಯ ಅಂಕಿಗಳನ್ನು ಹೊತ್ತು ಬರುತ್ತಿದ್ದವು. ಒಂದೇ ಪುಸ್ತಕ ಮೂರು ಸಲ ಬರುತ್ತಿತ್ತು. ಒಂದರಲ್ಲಿ ಪುಟಗಳು ತಲೆಕೆಳಗು, ಇನ್ನೊಂದರಲ್ಲಿ ಪುಟ ಹಿಡಿದವನ ಹೆಬ್ಬೆರಳೇ ಅರ್ಧ ಪುಟ. ಅಕ್ಷರ ಗುರುತಿಸುವ ಯಂತ್ರಕ್ಕೆ ಹಳೆಯ ಅಚ್ಚು ತಿಳಿಯದು. 'ಮಗ' ಎಂದಿದ್ದರೆ 'ವುಗ' ಎಂದು ಓದುತ್ತಿತ್ತು. ಮನೆಗೆ ಬಂದವರಿಗೆ ಕೈಕಾಲಿಗೆ ನೀರು ಕೊಟ್ಟ ಹಾಗೆ ಕಲ್ಲಿನಾಥ ಪ್ರತಿ ಪುಸ್ತಕವನ್ನೂ ತೊಳೆದು, ನೆಟ್ಟಗೆ ಮಾಡಿ, ಹೆಸರಿಟ್ಟು ಆಮೇಲೆ ನನ್ನೊಳಗೆ ಬಿಡುತ್ತಿದ್ದ. ಅದನ್ನು ಯಾರು ಬೇಕಾದರೂ ಓದಲೆಂದು ಅಂತರಜಾಲದ ತನ್ನ ಪುಟದಲ್ಲೂ ಹಾಕುತ್ತಿದ್ದ.

ಅವನಿಗೆ ಒಂದು ಕಟ್ಟುನಿಟ್ಟಿತ್ತು. ನಿಜವಾಗಿ ಬಿಡುಗಡೆಯಾದ ಪುಸ್ತಕವೇ ಬೇಕು. ಬರೆದವರು ತೀರಿಕೊಂಡು ಅರವತ್ತು ವರ್ಷವಾಗುವ ತನಕ ಪುಸ್ತಕ ಅವರ ಮನೆಯವರದು, ಆಮೇಲೆ ಎಲ್ಲರದು. ಇದು ಕಾನೂನು. ಅವನ ಅಚ್ಚುಕೂಟದಲ್ಲಿ ಪ್ರತಿ ವರ್ಷ ಪಂಚಾಂಗ ಅಚ್ಚಾಗುತ್ತಿತ್ತು, ಅದರ ಕರಡು ತಿದ್ದುವವನು ಅವನೇ. ಪ್ರಭವದಿಂದ ಅಕ್ಷಯದವರೆಗೆ ಅರವತ್ತು ಸಂವತ್ಸರಗಳು ಅವನಿಗೆ ಬಾಯಿಪಾಠ. ಹೋದ ಸಂವತ್ಸರ ಅರವತ್ತು ವರ್ಷಕ್ಕೆ ಅದೇ ಹೆಸರಿನಲ್ಲಿ ತಿರುಗಿ ಬರುತ್ತದೆ.

"ನೋಡು ನೀಲಾ," ಅಂದಿದ್ದ. "ಕಾಯ್ದೆ ಮಾಡಿದಾಂವನೂ ಪಂಚಾಂಗ ನೋಡೇ ಮಾಡ್ಯಾನ."

ನನ್ನೊಳಗೆ ಅರವತ್ತು ಪೆಟ್ಟಿಗೆಗಳನ್ನು ಮಾಡಿದ. ಒಂದೊಂದಕ್ಕೆ ಒಂದೊಂದು ಸಂವತ್ಸರದ ಹೆಸರು. ಬರೆದವರು ಯಾವ ಸಂವತ್ಸರದಲ್ಲಿ ತೀರಿಕೊಂಡರೋ ಪುಸ್ತಕ ಆ ಪೆಟ್ಟಿಗೆಗೆ. ಕಾವ್ಯ, ವೈದ್ಯ, ಅಡುಗೆ, ಗಣಿತ ಎಲ್ಲ ಒಂದೇ ಕಡೆ, ಒಂದೇ ವರ್ಷ ಹೋದವರು ಎಂಬ ಒಂದೇ ನಂಟಿನಿಂದ. ಪ್ರತಿ ಯುಗಾದಿಗೆ, ಬೇವು ಬೆಲ್ಲ ತಿಂದ ಕೈ ತೊಳೆದುಕೊಂಡು, ಆ ವರ್ಷದ ಪೆಟ್ಟಿಗೆ ತೆರೆಯುತ್ತಿದ್ದ.

"ಅಲ್ರೀ, ನಿಮ್ಮ ಲೈಬ್ರರಿ ಸೇರಬೇಕಂದ್ರ ಮೊದಲ ಸಾಯಬೇಕೇನು?" ಅಂತ ನೀಲಾ ಕೇಳಿದಳು.

"ಸತ್ತರ ಸಾಲೂದಿಲ್ಲ. ಸತ್ತ ಮ್ಯಾಲೆ ಅರವತ್ತು ವರ್ಷ ಪಾಳಿ ನಿಂದರಬೇಕು."

"ಹಂಗಾದ್ರ ರೇಶನ್ ಅಂಗಡಿ ಪಾಳೀನ ಎಷ್ಟೋ ಪಾಡ."

ಇಬ್ಬರೂ ನಕ್ಕರು. ಮೇಜು ಅಲುಗಿತು.

ಎರಡನೆಯ ವರ್ಷಕ್ಕೇ ನನ್ನಲ್ಲಿ ಜಾಗ ಸಾಲಲಿಲ್ಲ. ಅವರ ಮದುವೆಯೇ ಅರ್ಧ ಹೊಟ್ಟೆ ತುಂಬಿತ್ತು. ಏನು ತೆಗೆಯಲಿ ಎಂದು ಅವನು ಕೇಳಿದ. ಊಟದ ಪಂಕ್ತಿ ತೆಗೀರಿ, ಮಂದಿ ಉಣ್ಣೂದನ್ನ ಏನ ನೋಡೂದು, ಎಂದು ಅವಳು ಒಲೆಯ ಮುಂದಿನಿಂದ ಹೇಳಿದಳು. ಅವನು ತೆಗೆದ. ಅಳಿಸಿದ್ದು ನನ್ನಲ್ಲಿ ಕೂಡಲೇ ಅಳಿಯುವುದಿಲ್ಲ. ಮೇಲೆ ಬೇರೆ ಬರೆಯುವ ತನಕ ಇರುತ್ತದೆ. ಆ ಪಂಕ್ತಿಯಲ್ಲಿ ಒಂದು ಕಡೆ ಮದುಮಗ ಉಣ್ಣುವುದನ್ನು ಬಿಟ್ಟು, ಎಲೆಯ ಕೆಳಗೆ ಹಾಸಿದ್ದ ಹಳೆಯ ಪೇಪರನ್ನು ತಲೆ ಓರೆ ಮಾಡಿ ಓದುತ್ತಿದ್ದ. ಮದುಮಗಳು ಮೊಣಕೈಯಿಂದ ತಿವಿಯುತ್ತಿದ್ದಳು. ಒಂದು ವಾರ ಅದು ನನ್ನಲ್ಲಿ ಹಾಗೇ ಇತ್ತು. ಆಮೇಲೆ ಅದರ ಮೇಲೆ ಒಂದು ಹಳೆಯ ಅಂಕಗಣಿತ ಬಂದು ಕೂತಿತು.

ಜಯ ಸಂವತ್ಸರದ ಯುಗಾದಿಗೆ, ಇಸವಿ ಎರಡು ಸಾವಿರದ ಹದಿನಾಲ್ಕು, ಕಲ್ಲಿನಾಥ ಒಂದು ತಪ್ಪು ಮಾಡಿದ. ಪಂಚಾಂಗ ಚೆನ್ನಾಗಿ ಬಲ್ಲವನು ಮಾತ್ರ ಮಾಡಬಹುದಾದ ತಪ್ಪು.

ಜಯದ ಪೆಟ್ಟಿಗೆಯಲ್ಲಿ ಒಂದು ಸಣ್ಣ ಪುಸ್ತಕವಿತ್ತು. ಲಕ್ಷ್ಮೇಶ್ವರದ ಕಡೆಯ ಸ್ವಾಮಿರಾಯ ಎಂಬ ಹೆಡ್ ಮಾಸ್ತರರು ತಮ್ಮ ಸೀಮೆಯ ಬಾವಿಗಳ ಬಗ್ಗೆ ಬರೆದದ್ದು. ಯಾವ ಬಾವಿಗೆ ಎಷ್ಟು ಮೆಟ್ಟಿಲು, ಯಾವುದರ ನೀರು ಯಾವ ತಿಂಗಳು ಸಿಹಿ, ಯಾರು ತೋಡಿಸಿದರು. ಕಲ್ಲಿನಾಥನಿಗೆ ಅದು ಬಹಳ ಸೇರಿತ್ತು. ಯುಗಾದಿಯ ದಿನವೇ ತನ್ನ ಪುಟದಲ್ಲಿ ಹಾಕಿದ.

ಎರಡು ವಾರದ ಮೇಲೆ ಒಬ್ಬ ಮುದುಕಿ ಕೊಡೆ ಊರಿಕೊಂಡು ಮನೆಗೆ ಬಂದರು. ಹೆಸರು ವೇಣುಬಾಯಿ, ಸ್ವಾಮಿರಾಯರ ಮಗಳು.

"ಕಲ್ಲಿನಾಥ ಅನ್ನೋರು ನೀವೇನು?"

"ಹೌದ್ರೀ ತಾಯಿ. ಕೂಡ್ರಿ."

"ನಮ್ಮ ಅಪ್ಪನ್ನ ನೀವು ಬಿಟ್ಟೀರಂತ. ಮೊಮ್ಮಗಳು ಫೋನಿನ್ಯಾಗ ತೋರಿಸಿದ್ಲು."

"ಹೌದ್ರೀ. ತೀರಿಕೊಂಡದ್ದು ಜಯ ಸಂವತ್ಸರ ಅಂತ ಎರಡನೇ ಮುದ್ರಣದ ಮುನ್ನುಡಿಯೊಳಗ ಐತಿ. ಜಯ ಈಗ ತಿರುಗಿ ಬಂತಲ್ರಿ. ಅರವತ್ತು ಆತು."

"ಜಯ ಖರೆ. ಆದ್ರ ಮಾಘಮಾಸ. ಐವತ್ತೈದನೇ ಇಸವಿ ಫೆಬ್ರುವರಿ. ನಾ ಸಾಲಿ ಕಲಿಸಿದಾಕಿ, ಕಾಯ್ದೆ ಓದಿಕೊಂಡೇ ಬಂದೀನಿ. ತೀರಿದ ಇಸವಿ ಪೂರಾ ಮುಗಿಬೇಕು. ಮುಂದ ಜನವರಿ ಒಂದರಿಂದ ಅರವತ್ತು ಎಣಸಬೇಕು." ಮುದುಕಿ ಕೊಡೆಯನ್ನು ನನ್ನ ಪಕ್ಕ ಮೇಜಿಗೆ ಒರಗಿಸಿದರು. "ಹದಿನಾರನೇ ಇಸವಿ ಜನವರಿ ಒಂದಕ್ಕ ನಮ್ಮಪ್ಪ ಎಲ್ಲಾರಾಂವ. ಅಲ್ಲೀತನಕ ನನ್ನಾಂವ. ಇನ್ನೂ ಒಂದೂವರಿ ವರ್ಷದ ಮ್ಯಾಲೆ ಅದ."

ಕಲ್ಲಿನಾಥ ಪರರ ತಪ್ಪು ಹುಡುಕಿ ಉಣ್ಣುವವನು. ಈಗ ಅವನದೇ ತಪ್ಪು ಅಚ್ಚಾಗಿ ಊರ ತುಂಬ ಹೋಗಿತ್ತು. ಅವರ ಎದುರಿಗೇ ಪುಸ್ತಕವನ್ನು ಪುಟದಿಂದ ಇಳಿಸಿದ. ನೀಲಾ ಚಹಾ ತಂದಳು. ವೇಣುಬಾಯಿ ಕುಡಿದು, ಬಟ್ಟಲನ್ನು ತಾವೇ ಒಳಗೆ ಇಟ್ಟು ಬಂದು, ಬಸ್ಸಿನ ಹೊತ್ತು ಕೇಳಿ ಹೋದರು.

ಅವತ್ತೇ ಅವನು ಒಂದು ಪಟ್ಟಿ ಮಾಡತೊಡಗಿದ. ಸಾಲಿಗೊಂದು ಪುಸ್ತಕ. ಬರೆದವರ ಹೆಸರು, ಹುಟ್ಟಿದ ಇಸವಿ, ತೀರಿದ ಇಸವಿ, ಬಿಡುಗಡೆ. ತೀರಿದ ಇಸವಿಯ ಮನೆ ತುಂಬಿದರೆ ಬಿಡುಗಡೆಯ ಮನೆಯಲ್ಲಿ ಅರವತ್ತೊಂದು ಕೂಡಿಸಿದ ಇಸವಿ ತಾನಾಗಿಯೇ ಮೂಡುವ ಹಾಗೆ ಮಾಡಿದ. ಇನ್ನು ಮುಂದೆ ಪೆಟ್ಟಿಗೆಗಳಿಗೆ ಸಂವತ್ಸರದ ಹೆಸರಷ್ಟೇ, ಬಾಗಿಲು ತೆರೆಯುವುದು ಜನವರಿ ಒಂದಕ್ಕೆ.

ಹದಿನಾರನೇ ಇಸವಿಯ ಜನವರಿ ಒಂದರ ಬೆಳಿಗ್ಗೆ ವೇಣುಬಾಯಿಯ ಫೋನು ಬಂತು.

"ಇವತ್ತ ಬಿಡ್ರಿ," ಅಂದರು. ಫೋನು ಇಡುವ ಮೊದಲು ಮತ್ತೆ ಅಂದರು, "ಇಷ್ಟ ವರ್ಷ ನನ್ನಾಂವ, ನನ್ನಾಂವ ಅಂತ ಪೆಟಿಗ್ಯಾಗ ಇಟಗೊಂಡೆ. ನನ್ನ ಬಿಟ್ರ ಯಾರೂ ಓದಲಿಲ್ಲ ನೋಡ್ರಿ."

ಸಂಜೆಯೊಳಗೆ ಇಪ್ಪತ್ತಾರು ಜನ ಆ ಪುಸ್ತಕ ಇಳಿಸಿಕೊಂಡರು. ಕಲ್ಲಿನಾಥ ಫೋನು ಮಾಡಿ ಹೇಳಿದ. ಆಕೆ ಅವರೆಲ್ಲರ ಹೆಸರು ಕೇಳಿದರು. ಹೆಸರು ಗೊತ್ತಾಗೂದಿಲ್ರಿ, ಬರೇ ಲೆಕ್ಕ ಗೊತ್ತಾಗ್ತದ, ಅಂದ. ಇಪ್ಪತ್ತಾರು, ಇಪ್ಪತ್ತಾರು ಎಂದು ಆಕೆ ಎರಡು ಸಲ ಹೇಳಿಕೊಂಡರು.

ಬಿಡುಗಡೆಯಾದ ಪುಸ್ತಕಗಳನ್ನು ಓದಿದವರು ಬರೆಯತೊಡಗಿದರು: ಈ ಪದ ಏನು, ಆ ಪದ ಏನು. ಅರವತ್ತು ವರ್ಷದಲ್ಲಿ ಪುಸ್ತಕ ಉಳಿದು ಮಾತು ಸವೆದಿತ್ತು. ಕಲ್ಲಿನಾಥ ಅಂಥ ಪದಗಳ ನೆತ್ತಿಯ ಮೇಲೆ ಒಂದು ಸಣ್ಣ ನಕ್ಷತ್ರದ ಗುರುತು ಹಾಕಿದ. ಮನೆಯಲ್ಲಿ ಅದಕ್ಕೆ ಚುಕ್ಕಿ ಅನ್ನುತ್ತಿದ್ದರು. ಚುಕ್ಕಿಯ ಅರ್ಥವನ್ನು ಬೇರೆ ಒಂದು ಕಡತದಲ್ಲಿ ಬರೆಯುತ್ತ ಹೋದ. ಮುದುಕರನ್ನು ಕೇಳಿ, ಸಂತೆಯಲ್ಲಿ ಕೇಳಿ, ಒಂದು ಪದಕ್ಕೆ ಕೆಲವೊಮ್ಮೆ ತಿಂಗಳು ತೆಗೆದುಕೊಂಡು. ಆರು ವರ್ಷದಲ್ಲಿ ಮೂರು ಸಾವಿರದ ಎಂಟುನೂರು ಪದಗಳಾದವು. ಪೂರಾ ಮುಗಿಯದೆ, ತಪ್ಪು ತಿದ್ದದೆ ಯಾರಿಗೂ ಕೊಡುವುದಿಲ್ಲ ಎಂದ. ಅದು ಅವನ ಸ್ವಭಾವ. ಆ ಕಡತಕ್ಕೆ ಹೆಸರು ಹೊಳೆಯದೆ 'ನನ್ನದು' ಎಂದು ಬರೆದಿಟ್ಟಿದ್ದ. ಅದು ಅರವತ್ತು ಪೆಟ್ಟಿಗೆಗಳ ಹೊರಗೆ, ಬಾಗಿಲಲ್ಲಿ ಇರುತ್ತಿತ್ತು.

ಪಟ್ಟಿಯ ಕಡೆಯ ಸಾಲಿನಲ್ಲಿ ಅದನ್ನೂ ಸೇರಿಸಿದ್ದ. ಕಲ್ಲಿನಾಥ, 1984, ಮುಂದೆ ಎರಡು ಮನೆ ಖಾಲಿ.

"ಇದ್ಯಾಕ್ರೀ ಇಲ್ಲಿ?" ಎಂದು ನೀಲಾ ಕೇಳಿದಳು.

"ಇರಲಿ ಬಿಡು. ನನ್ನ ಪಾಳಿ ಇನ್ನೂ ಸುರು ಆಗಿಲ್ಲ."

"ಇಂಥಾ ಚಾಷ್ಟಿ ಮಾಡಬ್ಯಾಡ್ರಿ," ಎಂದು ಅವಳು ಎದ್ದು ಹೋದಳು.

ಶುಭಕೃತ್ ಸಂವತ್ಸರದ ಶ್ರಾವಣದಲ್ಲಿ ಒಂದು ಮಧ್ಯಾಹ್ನ ಅಚ್ಚುಕೂಟದಿಂದ ಫೋನು ಬಂತು. ನೀಲಾ ಬಾಗಿಲು ಹಾಕದೆ ಹೋದಳು. ಹೃದಯ ನಿಂತಿತಂತೆ, ಪ್ರೂಫಿನ ಹಾಳೆಯ ಮೇಲೆ ತಲೆ ಇಟ್ಟವನು ಹಾಗೇ ಇದ್ದನಂತೆ ಎಂದು ಆಮೇಲೆ ಬಂದವರು ಮೇಜಿನ ಸುತ್ತ ಮಾತಾಡಿಕೊಂಡರು. ಅವನಿಗೆ ಮೂವತ್ತೆಂಟು. ನನ್ನೊಳಗೆ ಒಂದು ಪುಸ್ತಕ ಅರ್ಧ ತೊಳೆದು ಉಳಿದಿತ್ತು.

ಎಂಟು ತಿಂಗಳು ನನ್ನನ್ನು ಯಾರೂ ಮುಟ್ಟಲಿಲ್ಲ. ಹುಟ್ಟಿದಂದಿನಿಂದ ನಾನು ಅಷ್ಟು ದಿನ ತಿರುಗದೆ ಇದ್ದದ್ದು ಅದೇ ಮೊದಲು. ನೀಲಾ ಕಾಲೇಜಿಗೆ ಹೋಗುತ್ತಿದ್ದಳು, ಬರುತ್ತಿದ್ದಳು. ಮೇಜಿಗೆ ತಾಗದ ಹಾಗೆ ಸರಿದು ಓಡಾಡುತ್ತಿದ್ದಳು. ಒಂದು ದಿನ ಧೂಳು ಒರೆಸಲು ನನ್ನನ್ನು ಎತ್ತಿದಳು. ಕರವಸ್ತ್ರವನ್ನು ಒಗೆಯಲಿಲ್ಲ, ಒಗೆಯದೆ ಹಾಗೇ ಮಡಿಸಿ ಮತ್ತೆ ಅದರ ಮೇಲೇ ಇಟ್ಟಳು.

ಮುಂದಿನ ಯುಗಾದಿಗೆ ನನ್ನ ವೈರನ್ನು ಕಂಪ್ಯೂಟರಿಗೆ ಸಿಕ್ಕಿಸಿದಳು. ಮೊದಲು ಮದುವೆ ತೆರೆದಳು. ಅಕ್ಷತೆ ಇತ್ತು, ಆರತಿ ಇತ್ತು. ಊಟದ ಪಂಕ್ತಿ ಹುಡುಕಿದಳು. ಎರಡು ಸಲ ಹುಡುಕಿದಳು. ಆಮೇಲೆ ಅವಳಿಗೆ ನೆನಪಾಗಿರಬೇಕು. ಮದುವೆ ಮುಚ್ಚಿ ಪಟ್ಟಿ ತೆರೆದಳು. ಕಡೆಯ ಸಾಲಿಗೆ ಬಂದಳು. ಖಾಲಿ ಮನೆಯಲ್ಲಿ 2022 ಎಂದು ಒತ್ತಿದಳು. ಪಕ್ಕದ ಮನೆಯಲ್ಲಿ 2083 ಮೂಡಿತು. ಅವನು ಕಲಿಸಿಟ್ಟ ಲೆಕ್ಕ, ತಪ್ಪುವುದಿಲ್ಲ. ಅವಳು ಕೂಡಲೇ ಎರಡನ್ನೂ ಅಳಿಸಿದಳು. ಆಗ ಅವಳಿಗೆ ಮೂವತ್ತನಾಲ್ಕು. ಆ ಇಸವಿಗೆ ತೊಂಬತ್ತನಾಲ್ಕು.

ಬೆಟಗೇರಿಯ ನೇಕಾರ ಓಣಿಯಲ್ಲಿ ಒಂದು ವಾಚನಾಲಯವಿದೆ. ನೋಡಿಕೊಳ್ಳುವವರು ದ್ಯಾಮಣ್ಣ, ಮಗ್ಗ ಬಿಟ್ಟ ಮೇಲೆ ಅದನ್ನೇ ಮನೆ ಮಾಡಿಕೊಂಡವರು. ಅಲ್ಲಿಗೆ ಯಾರೋ ಎರಡು ಕಂಪ್ಯೂಟರು ಕೊಟ್ಟಿದ್ದರು. ದ್ಯಾಮಣ್ಣ ನೀಲಾಳನ್ನು ಕೇಳಲು ಬಂದರು.

"ತಂಗೆವ್ವಾ, ಕಂಪ್ಯೂಟರ ಅದಾವ, ಒಳಗ ಏನೂ ಇಲ್ಲ. ಹುಡುಗ್ರು ಇಸ್ಪೀಟ ಆಡ್ತಾವ. ಕಲ್ಲಿನಾಥಪ್ಪನ ಪುಸ್ತಕ ಕೊಟ್ರ ಓದೂ ಮಂದಿ ಅದಾರವಾ."

ನೀಲಾ ನನ್ನನ್ನು ಕೈಚೀಲದಲ್ಲಿ ಹಾಕಿಕೊಂಡು ಹೋದಳು. ವಾಚನಾಲಯದ ಮೇಜು ಸುಮ್ಮನಿರುವುದಿಲ್ಲ. ಅಕ್ಕಪಕ್ಕದ ಮನೆಗಳ ಮಗ್ಗದ ಸದ್ದು ಅದರ ಕಾಲುಗಳಲ್ಲಿ ಸದಾ ಇರುತ್ತದೆ. ಅರವತ್ತು ಪೆಟ್ಟಿಗೆಗಳಲ್ಲಿ ಬಿಡುಗಡೆಯಾದದ್ದನ್ನೆಲ್ಲ ಅಲ್ಲಿಯ ಕಂಪ್ಯೂಟರಿಗೆ ನಕಲು ಮಾಡಿಕೊಟ್ಟಳು. 'ನನ್ನದು' ಕೊಡಲಿಲ್ಲ. ನನ್ನನ್ನು ಮತ್ತೆ ಚೀಲದಲ್ಲಿ ಹಾಕಿಕೊಂಡು ಮನೆಗೆ ತಂದಳು.

ಒಂದು ತಿಂಗಳಿಗೆ ದ್ಯಾಮಣ್ಣ ಮತ್ತೆ ಬಂದರು.

"ಪುಸ್ತಕ ಏನೋ ಭೇಷಿ ಅದಾವು. ಆದ್ರ ನಡು ನಡು ಚುಕ್ಕಿ ಅದಾವಲ್ಲವಾ. ಕೆಳಗ 'ನನ್ನದು ನೋಡಿ' ಅಂತ ಐತಿ. ಎಲ್ಲಿ ನೋಡೂದು? ನಮ್ಮ ಓಣ್ಯಾಗಿನ ಹುಚ್ಚೀರಪ್ಪ ದಿನಾ ಓದಾಕ ಬಂದು ನನ್ನ ಜೀವಾ ತಿಂತಾನ. ನಿನ್ನದು ಎಲ್ಲಿ ಐತೋ ಅಂತಾನ. ನನ್ನದು ಅಲ್ಲೋ ಮಾರಾಯಾ, ಅದು ಅವರದು ಅಂದ್ರ ತಿಳಿಯಾಕ ಒಲ್ಲದು."

ನೀಲಾ ನನ್ನ ವೈರನ್ನು ಸುತ್ತಿ ಕರವಸ್ತ್ರದ ಮೇಲೆ ಇಟ್ಟಳು.

"ಅದು ಪಾಳ್ಯಾಗ ಐತ್ರಿ ಕಾಕಾ," ಅಂದಳು.

"ಪಾಳಿ ಯಾವಾಗ ಬರತೈತಿ?"

"ಇನ್ನೂ ಭಾಳ ವರ್ಷ ಐತಿ."

ದ್ಯಾಮಣ್ಣ ಒತ್ತಾಯ ಮಾಡುವ ಮನುಷ್ಯರಲ್ಲ. ಹೋದರು. ಆದರೆ ಅವರು ಹೋದ ಮೇಲೂ ಅವಳು ಕುರ್ಚಿಯಿಂದ ಏಳಲಿಲ್ಲ. ಆಮೇಲೆ ತಿಂಗಳಿಗೊಮ್ಮೆ, ಒಮ್ಮೊಮ್ಮೆ ಎರಡು ಸಲ, ನನ್ನನ್ನು ಸಿಕ್ಕಿಸಿ 'ನನ್ನದು' ತೆರೆಯುತ್ತಿದ್ದಳು. ಹತ್ತು ಪದ ಓದಿ ಮುಚ್ಚುತ್ತಿದ್ದಳು. ಒಟ್ಟಿಗೆ ಓದಿ ಮುಗಿಸಬಾರದೆಂದು ಅವಳೇ ಪಡಿ ಹಾಕಿಕೊಂಡಿದ್ದಳು. ಅವನು ಬರೆದದ್ದರಲ್ಲಿ ಅವಳು ಇನ್ನೂ ಓದದೆ ಉಳಿದದ್ದು ಅದೊಂದೇ. ಯಾರಿಗಾದರೂ ಕೊಟ್ಟರೆ ಅವರು ಒಂದೇ ದಿನದಲ್ಲಿ ಓದಿಬಿಡುತ್ತಾರೆ.

ಹೀಗೆ ಒಂದು ವರ್ಷ ಹೋಯಿತು. ದ್ಯಾಮಣ್ಣ ಮೂರನೆಯ ಸಲ ಬಂದಾಗ ಕಂಕುಳಲ್ಲಿ ಒಂದು ಉದ್ದನೆಯ ರಿಜಿಸ್ಟರು ಇತ್ತು. ನನ್ನ ಪಕ್ಕದಲ್ಲೇ ಧೊಪ್ಪನೆ ಇಟ್ಟರು.

"ಏನಿದು ಕಾಕಾ?"

"ನಿಮ್ಮ ಪಾಳಿ ಬರೂ ತನಕ ಸುಮ್ಮ ಕುಂದ್ರಾಕ ಆಕ್ಕೈತೇನು? ಮಂದೀನ ಅರ್ಥ ಬರಿಯಾಕ ಹತ್ಯಾರ. ಚುಕ್ಕಿ ಬಂದಲ್ಲೆಲ್ಲಾ ತಮಗ ತಿಳದಂಗ. ನಾ ಓದಾಂವ, ನೀ ಕೇಳು. ಬಾವಿ ಪುಸ್ತಕ, ನಲವತ್ತನೇ ಪುಟ. 'ಕಪಿಲೆ ಹೊಡೆಯುವಾಗ ಹಾಡುತ್ತಿದ್ದರು.' ಕಪಿಲೆ, ಚುಕ್ಕಿ. ನಮ್ಮ ಹುಚ್ಚೀರಪ್ಪ ಬರದಾನ: 'ಕಪಿಲೆ ಅಂದರೆ ಕಂದು ಬಣ್ಣದ ಆಕಳು. ಅದನ್ನು ಹೊಡೆಯುತ್ತ ಹಾಡುವುದು ಒಳ್ಳೆಯ ಪದ್ಧತಿ ಅಲ್ಲ.'"

ದ್ಯಾಮಣ್ಣ ಹಾಳೆ ತಿರುವಿದರು.

"ಇದು ಬ್ಯಾರೆ ಪುಸ್ತಕ. 'ಸುಗ್ಗಿ ಮುಗಿದ ಮೇಲೆ ಹಗೆಯ ಬಾಯಿ ಮುಚ್ಚಿ ಮಣ್ಣು ಮೆತ್ತಿದರು.' ಹಗೆ, ಚುಕ್ಕಿ. 'ಹಗೆ ಅಂದರೆ ವೈರಿ. ಆಗಿನ ಕಾಲದಲ್ಲಿ ವೈರಿಗಳನ್ನು ಹೀಗೆ ಸುಮ್ಮನಾಗಿಸುತ್ತಿದ್ದರು.' ಅದರ ಕೆಳಗ ಇನ್ನೊಬ್ಬಾಕಿ ಬರದಾಳ: 'ಪಾಪ. ಉಸಿರಾಡಲು ಮೂಗು ಬಿಟ್ಟಿರಬಹುದು.'"

ಮೇಜು ಅಲುಗಿತು. ಮೊದಲು ನನಗೆ ತಿಳಿಯಲಿಲ್ಲ. ಎರಡು ವರ್ಷದಿಂದ ಆ ಅಲುಗಾಟ ಇರಲಿಲ್ಲ. ನೀಲಾ ನಗುತ್ತಿದ್ದಳು. ಮೊಣಕೈ ಮೇಜಿಗೆ ಊರಿ, ಬಾಯಿಗೆ ಸೆರಗು ಒತ್ತಿ ನಗುತ್ತಿದ್ದಳು. ದ್ಯಾಮಣ್ಣನೂ ನಕ್ಕರು. ಆಮೇಲೆ ಅವರು ನಿಲ್ಲಿಸಿದರು, ಅವಳು ನಿಲ್ಲಿಸಲಿಲ್ಲ. ಆಮೇಲೆ ಅದು ನಗುವಾಗಿ ಉಳಿಯಲಿಲ್ಲ. ದ್ಯಾಮಣ್ಣ ರಿಜಿಸ್ಟರಿನ ಅಂಚನ್ನು ಸವರುತ್ತ ಕೂತರು.

"ಹಗೆ ಅಂದ್ರ ಜ್ವಾಳ ತುಂಬಿಡೂ ನೆಲದ ಕುಣಿರಿ," ಎಂದಳು ಕಡೆಗೆ, ಮೂಗು ಒರೆಸಿಕೊಂಡು. "ಕಪಿಲೆ ಅಂದ್ರ ಎತ್ತು ಕಟ್ಟಿ ತೊಗಲಿನ ಚೀಲದಾಗ ಬಾವಿ ನೀರು ಎತ್ತೂದು. ಅದನ್ನ ಕೇಳಾಕ ಅವರು ನಾಕು ಊರಿಗೆ ಹೋಗಿದ್ರು."

"ನಮಗೇನ ಗೊತ್ತವಾ. ಇದ್ದದ್ದರೊಳಗ ತಿಳಕೊಂಡೀವಿ."

"ತಪ್ಪು ಅಚ್ಚಾದ್ರ ಅವರಿಗೆ ಊಟ ಸೇರತಿರಲಿಲ್ಲ ಕಾಕಾ."

"ಹಂಗಾದ್ರ ಈ ರಿಜಿಸ್ಟರ ನೋಡಿದ್ರ ಉಪಾಸ ಬಿದ್ದ ಸಾಯ್ತಿದ್ದ," ಅಂದ ದ್ಯಾಮಣ್ಣ, ತಾವು ಆಡಿದ ಮಾತು ತಮಗೇ ಕೇಳಿಸಿ ನಾಲಗೆ ಕಚ್ಚಿಕೊಂಡರು. ನೀಲಾ ಅದಕ್ಕೂ ಸಣ್ಣಗೆ ನಕ್ಕಳು.

"ರಿಜಿಸ್ಟರ ಇಲ್ಲೇ ಇರಲಿ," ಅಂದಳು.

ಮರುದಿನ ಭಾನುವಾರ. ಬೆಳಿಗ್ಗೆ ಬಿಸಿಲು ಮೇಜಿಗೆ ಬಂದಾಗ ಅವಳು ಕೂತಳು. ರಿಜಿಸ್ಟರಿನ ಒಂದೊಂದು ಅರ್ಥವನ್ನೂ 'ನನ್ನದು' ಜೊತೆ ಹೋಲಿಸಿ, ತಪ್ಪಿದ್ದಲ್ಲಿ ಕೆಂಪು ಗೆರೆ ಎಳೆದು, ಸರಿಯಾದದ್ದನ್ನು ಬರೆದಳು. ಕೆಂಪು ಪೆನ್ನು ಕಲ್ಲಿನಾಥನದು. ಎರಡು ಕಡೆ ಓದುಗರೇ ಸರಿ, ಅವನೇ ತಪ್ಪಿದ್ದ. ಆ ಎರಡನ್ನು ಅವನ ಕಡತದಲ್ಲಿ ತಿದ್ದಿದಳು. ಪಡಿ ಮರೆತು, ಇಳಿಹೊತ್ತಿನೊಳಗೆ ಮೂರು ಸಾವಿರದ ಎಂಟುನೂರು ಪದಗಳನ್ನೂ ಓದಿ ಮುಗಿಸಿದ್ದಳು.

ನಡುವೆ ಒಂದು ಪದದ ಹತ್ತಿರ ನಿಂತಳು. ಬಾವಿಯ ಪುಸ್ತಕದ ಪದ. ಅದಕ್ಕೆ ಎರಡು ಸಾಲಿನ ಅರ್ಥವಿತ್ತು. ಮೊದಲ ಸಾಲು ಎಲ್ಲ ಪದಗಳಂತೆ. ಎರಡನೆಯ ಸಾಲಿನಲ್ಲಿ ಅವಳ ಹೆಸರಿತ್ತು.

ಆ ಎರಡೂ ಸಾಲನ್ನು ಅಲ್ಲಿಂದ ಎತ್ತಿ ಬೇರೆ ಕಡತ ಮಾಡಿದಳು. ಶುಭಕೃತ್ ಪೆಟ್ಟಿಗೆ ತೆರೆದಳು. ಹಿಂದಿನ ಸುತ್ತಿನ ಶುಭಕೃತ್‌ನಲ್ಲಿ ಹೋದ ಇಪ್ಪತ್ತು ಮೂವತ್ತು ಜನ ಅಲ್ಲಿದ್ದರು. ಅವರ ನಡುವೆ ಅದನ್ನು ಇಟ್ಟಳು.

ಆಮೇಲೆ ಪಟ್ಟಿ ತೆರೆದಳು. ಕಡೆಯ ಸಾಲು. ತೀರಿದ ಇಸವಿ 2022. ಪಕ್ಕದಲ್ಲಿ 2083 ಮೂಡಿತು. ಈ ಸಲ 2022 ಅಳಿಸಲಿಲ್ಲ. 2083ರ ಮೇಲೆ ಬೆರಳು ಒತ್ತಿ, ಅವನು ಕಲಿಸಿದ್ದ ಲೆಕ್ಕವನ್ನು ಆ ಒಂದು ಮನೆಯಿಂದ ತೆಗೆದುಹಾಕಿ, ಕೈಯಾರೆ ಒಂದು ಪದ ಬರೆದಳು: ಇಂದು.

ಕಾಯ್ದೆಯಲ್ಲಿ ಅದಕ್ಕೂ ದಾರಿ ಇದೆ. ಯಾರದ್ದೋ ಅವರೇ ಬಿಟ್ಟುಕೊಟ್ಟರೆ ಪಾಳಿ ನಿಲ್ಲಬೇಕಾಗಿಲ್ಲ. ಕೆಳಗೆ ಒಂದು ಸಾಲು ಬರೆದಳು: 'ಇದು ಎಲ್ಲರದು. ನೀಲಗಂಗಾ.' ಸಂಜೆ ನನ್ನನ್ನು ಚೀಲದಲ್ಲಿ ಹಾಕಿಕೊಂಡು, ರಿಜಿಸ್ಟರನ್ನು ಕಂಕುಳಲ್ಲಿ ಇಟ್ಟುಕೊಂಡು ನೇಕಾರ ಓಣಿಗೆ ನಡೆದಳು. ಅಲ್ಲಿಂದ ವೇಣುಬಾಯಿಗೂ ಫೋನು ಮಾಡಿದಳು. ಮೊಮ್ಮಗಳು ಎತ್ತಿ, ಅಜ್ಜಿಗೆ ಈಗ ಕಿವಿ ಕೇಳಿಸುವುದಿಲ್ಲ, ಏನು ಹೇಳಲಿ ಅಂದಳು. ಬಾವಿ ಪುಸ್ತಕದ ಚುಕ್ಕಿಗೆಲ್ಲ ಅರ್ಥ ಬಂತು ಅಂತ ಹೇಳ್ರಿ, ಒಂದನ್ನ ಬಿಟ್ಟು, ಎಂದಳು ನೀಲಾ.

ಈಗ ನನಗೆ ವಯಸ್ಸಾಗಿದೆ. ನನ್ನ ಜಾತಿಯವರು ಐದಾರು ವರ್ಷ ಬಾಳಿದರೆ ಹೆಚ್ಚು. ನಾನು ಹದಿನೈದು ಕಳೆದೆ. ಹೋದ ವರ್ಷದಿಂದ ಒಳಗಿನ ಕೈ ಆಗಾಗ ತಡವರಿಸುತ್ತದೆ, ಟಿಕ್ ಟಿಕ್ ಎಂದು ಸದ್ದು ಬರುತ್ತದೆ. ನೀಲಾ ಅದನ್ನು ಕೇಳಿ ಹೊಸ ಡಿಸ್ಕು ತಂದಳು. ನನ್ನದಕ್ಕಿಂತ ಸಣ್ಣದು, ಒಳಗೆ ತಿರುಗುವುದೇನೂ ಇಲ್ಲವಂತೆ. ಎರಡು ದಿನ ಹಿಡಿಯಿತು. ಪುಸ್ತಕಗಳು, ಪಟ್ಟಿ, ಊಟವಿಲ್ಲದ ಮದುವೆ, 'ನನ್ನದು', ಎಲ್ಲ ಅದಕ್ಕೆ ಹೋದವು. ಅದು ವಾಚನಾಲಯಕ್ಕೆ ಹೋಯಿತು.

ಶುಭಕೃತ್ ಪೆಟ್ಟಿಗೆಯ ಆ ಒಂದು ಕಡತವನ್ನು ಅವಳು ನಕಲು ಮಾಡಲಿಲ್ಲ. ನಾನು 2083ರವರೆಗೆ ಇರುವುದಿಲ್ಲ ಎಂದು ಅವಳಿಗೂ ಗೊತ್ತು. ನನ್ನನ್ನು ಕರವಸ್ತ್ರದಲ್ಲಿ ಸುತ್ತಿ ಮೇಜಿನ ಖಾನೆಯಲ್ಲಿ ಇಟ್ಟಳು. ಕೆಂಪು ಪೆನ್ನು ನನ್ನ ಪಕ್ಕದಲ್ಲಿದೆ.

ನನ್ನಂಥವರಿಗೆ ಕಡೆಗಾಲದಲ್ಲಿ ಗುಜರಿ ಅಂಗಡಿ. ಬಿಲ್ಲೆಗಳನ್ನು ಕಿತ್ತು ಮಾರುತ್ತಾರೆ, ಕನ್ನಡಿಯಂತೆ ಹೊಳೆಯುತ್ತವೆ. ನನಗೆ ಅದು ತಪ್ಪಿತು. ಸಾವಿರಾರು ಪುಸ್ತಕ ಹೊತ್ತವನಿಗೆ ಈಗ ಎರಡು ಸಾಲಿನ ಭಾರ. ನಾನು ಹೊತ್ತದ್ದರಲ್ಲಿ ಊರಿಗೆ ಸೇರಿದ್ದು ಊರಿಗೆ ಹೋಯಿತು. ಯಾರದ್ದು ಯಾವಾಗ ಎಲ್ಲರದಾಗಬೇಕು ಎಂದು ಲೆಕ್ಕ ಇಡುವ ಮನೆಯಲ್ಲಿ ಬೆಳೆದವನು ನಾನು. ಆ ಪದ ಯಾವುದೆಂದು ನಾನು ಹೇಳುವ ಹಾಗಿಲ್ಲ.

ಮೊನ್ನೆ ದ್ಯಾಮಣ್ಣ ಬಂದಿದ್ದರು. ಖಾನೆಯ ಮೇಲಿನ ಹಲಗೆಗೆ ಅವರ ಚಹಾ ಬಟ್ಟಲು ತಾಗಿತು.

"ಎಲ್ಲಾ ಚುಕ್ಕಿ ಮುಗದಾವವಾ. ಬಾವಿ ಪುಸ್ತಕದ್ದು ಒಂದು ಉಳದೈತಿ. ಅದರ ಅರ್ಥ ಯಾಕಿಲ್ಲ ಅಂತ ಹುಚ್ಚೀರಪ್ಪ ಮತ್ತ ಸುರು ಮಾಡ್ಯಾನ. ಏನ ಹೇಳ್ಲಿ?"

ನೀಲಾ ಚಹಾ ಸೋಸುತ್ತಿದ್ದಳು. ಸೋಸಿ ಮುಗಿಸಿದಳು.

"ಪಾಳ್ಯಾಗ ಐತಿ ಅಂತ ಹೇಳ್ರಿ ಕಾಕಾ."